ಗೋಡೆಯ ಮೇಲಿನ ಅಂಗಿಚೂರುಗಳು

"ಅಪ್ಪಾ, ಒಂದೇ ಒಂದು ಕಡಲೆಕಾಯಿ ತಿನ್ಲಾ?"

"ಬಾಯಿ ಮುಚ್ಚು."

ಕೋರಾ ಬಾಯಿ ಮುಚ್ಚಿದಳು. ಎರಡು ನಿಮಿಷಕ್ಕೆ ಮತ್ತೆ ತೆರೆದಳು. "ಅಲ್ನೋಡು, ಅಳಿಲು!"

ಮಗಳನ್ನು ಅಟ್ಟಣೆಯಿಂದ ಇಳಿಸಿ ಸೀದಾ ಮನೆಗೆ ಅಟ್ಟಬೇಕೆನಿಸಿತು ರಾಯ್ಸ್‌ಗೆ. ಒಂಬತ್ತು ವರ್ಷ ತುಂಬಿದೆ, ಬೇಟೆಗೆ ಬಂದು ಅಳಿಲು ಎಣಿಸುತ್ತಾಳೆ. ಬೆಳಕು ಹರಿದಾಗಿನಿಂದ ಎರಡು ಹೆಣ್ಣು ಜಿಂಕೆ, ಒಂದು ಎಳೆ ಕೊಂಬಿನ ಗಂಡು ಕಣ್ಣೆದುರೇ ಹಾದುಹೋಗಿದ್ದವು. ಪ್ರತಿ ಸಲವೂ ಅವಳು ಬಂದೂಕು ಎತ್ತಿದಳು. ಪ್ರತಿ ಸಲವೂ ಅವನು ನಳಿಗೆಯನ್ನು ಕೆಳಕ್ಕೊತ್ತಿದ. ಹತ್ತು ಕವಲಿಗಿಂತ ಕಡಿಮೆ ಕೊಂಬಿನದನ್ನು ಹೊಡೆಯುವುದು ತನ್ನ ಮಗಳ ಕೆಲಸವಲ್ಲ. ಅದಕ್ಕೆ ಬೇರೆಯವರ ಮಕ್ಕಳಿದ್ದಾರೆ.

ಹಿಂದಿನ ಮೂಲೆಯಲ್ಲಿ ತನ್ನ ದಪ್ಪ ನಳಿಗೆಯ ಹಳೆ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಅವನಪ್ಪ ಹೋಬರ್ಟ್, ಮೊಮ್ಮಗಳ ಅಂಗೈಗೆ ನಾಲ್ಕು ಬೇಯಿಸಿದ ಕಡಲೆಕಾಯಿ ದಾಟಿಸಿದ.

"ಹೆಣ್ಣು ಜಿಂಕೆನಾದ್ರೂ ಹೊಡೀಲಿ ಬಿಡೋ. ಮಗು ಖುಷಿಯಾಗಿದ್ರೆ ಸಾಕಲ್ವಾ?"

"ಖುಷಿ ಬೇಕಿದ್ರೆ ಮೃಗಾಲಯಕ್ಕೆ ಹೋಗ್ಬಹುದಿತ್ತು. ನಾನು ಹನ್ನೊಂದನೇ ವಯಸ್ಸಲ್ಲಿ ಏನು ಹೊಡೆದೆ ಅನ್ನೋದು ಮರ್ತೋಯ್ತಾ?"

"ಅದನ್ನ ಹೇಗೆ ಮರೀಲೋ," ಅಂದ ಮುದುಕ.

ಮರೆಯಲು ರಾಯ್ಸ್ ಬಿಡುತ್ತಲೂ ಇರಲಿಲ್ಲ. ಬೇಟೆಗಾರರ ಬಿಡಾರದಲ್ಲಿ, ಒಲೆಗೂಡಿನ ಮೇಲೆ, ಆ ಜಿಂಕೆಯ ತಲೆ ಮೂವತ್ತೆರಡು ವರ್ಷದಿಂದ ತೂಗುತ್ತಿತ್ತು. ಹತ್ತು ಕವಲು. ಕೆಳಗೆ ಹಿತ್ತಾಳೆಯಲ್ಲಿ ಅವನ ಹೆಸರು. ಕುತ್ತಿಗೆಯ ತೂತನ್ನು ಹೊಲಿಯಕೂಡದೆಂದು ಅವನು ಅಂದೇ ಹಟ ಹಿಡಿದಿದ್ದ. ಈಗಲೂ ಎರಡು ಬಿಯರ್ ಇಳಿದರೆ ಅದರೊಳಕ್ಕೆ ಹೆಬ್ಬೆರಳು ತೂರಿಸಿ ತೋರಿಸುತ್ತಿದ್ದ. "ಮಕ್ಕಳ ಬಂದೂಕು, ಬಟಾಣಿಗಿಂತ ಸಣ್ಣ ಗುಂಡು. ತೂತು ನೋಡ್ರೋ!"

ಎದುರು ಗೋಡೆಯ ತುಂಬ ಅಂಗಿಚೂರುಗಳು. ಗುರಿ ತಪ್ಪಿದವರ ಅಂಗಿಯ ಹಿಂಬದಿ ಕತ್ತರಿಸಿ, ಹೆಸರು, ವರ್ಷ ಬರೆದು ಮೊಳೆ ಹೊಡೆಯುವುದು ಅಲಬಾಮದ ಆ ಕಡೆಯ ರೂಢಿ. ಬಿಡಾರ ನೋಡಿಕೊಳ್ಳುವ ಡೂಲಿಯವು ಏಳು, ಹೋಬರ್ಟನವು ಮೂರು. ರಾಯ್ಸ್‌ನದು ಒಂದೂ ಇಲ್ಲ. ಆ ಗೋಡೆಗೆ ಅವನಿಟ್ಟ ಹೆಸರು ಚಿಂದಿ ಅಂಗಡಿ. ನಿಜ ಹೇಳಬೇಕೆಂದರೆ ಆ ದಿನದ ನಂತರ ಅವನು ಕಾಡಿನಲ್ಲಿ ಇನ್ನೊಂದು ಗುಂಡು ಹಾರಿಸಿರಲಿಲ್ಲ. ಅದನ್ನು ಮೀರಿಸುವ ಕೊಂಬು ಕಣ್ಣಿಗೆ ಬಿದ್ದಿಲ್ಲವಂತೆ.

ಅಂದಿನ ಬಂದೂಕೇ ಇಂದು ಕೋರಾಳ ಕೈಯಲ್ಲಿತ್ತು. ಇದೇ ಅಟ್ಟಣೆಯಿಂದ ಒಂದೇ ಒಂದು ಗುಂಡು ಹಾರಿಸಿ, ಆಮೇಲೆ ಯಾರೂ ಮುಟ್ಟದಂತೆ ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದ್ದ ಬಂದೂಕು. ಅಷ್ಟು ಸಣ್ಣ ಗುಂಡಿನದು ಬಿಡಾರದಲ್ಲಿ ಇನ್ನೊಂದಿರಲಿಲ್ಲ.

ಒಂಬತ್ತು ಗಂಟೆಗೆ ಬೇಲಿಯ ಬಳಿ ಕೊಂಬು ಕಂಡಿತು. ರಾಯ್ಸ್ ಉಸಿರು ಬಿಗಿಹಿಡಿದು ಎಣಿಸಿದ. ಎಂಟು. ಒಂಬತ್ತು. ಹತ್ತು. ಜಿಂಕೆಗಳು ಬೇಲಿ ಹಾರುವ ಜಾಗ ಇಂದಿಗೂ ಅದೇ, ದೇವದಾರಿನ ಹಳೆ ಕಂಬದ ಪಕ್ಕ.

"ಹೊಡಿ!"

ಚಟ್ಟೆಂದು ಒಂದು ಸದ್ದು, ಅಷ್ಟೇ. ರಾಯ್ಸ್ ಹುಬ್ಬು ಗಂಟಿಕ್ಕಿದ. ಅವತ್ತು ಇದೇ ಬಂದೂಕಿಗೆ ಕಾಡೇ ನಡುಗಿತ್ತು, ಎರಡು ದಿನ ಕಿವಿ ಗುಂಯ್ ಎಂದಿತ್ತು. ಈಗಿನವರಿಗೆ ತೋಟಾ ಮಾಡುವುದಕ್ಕೂ ಬರುವುದಿಲ್ಲ.

ಜಿಂಕೆ ಆಳೆತ್ತರ ನೆಗೆದು ಪೈನ್ ಮರಗಳೊಳಗೆ ಮಾಯವಾಯಿತು.

"ಎಷ್ಟೆತ್ತರ ಹಾರ್ತು! ತಾತಾ, ನೋಡ್ದ್ಯಾ?" ಕೋರಾ ಕುಣಿದಳು.

"ಕಣ್ಣು ಬಿಟ್ಕೊಂಡೇ ಹೊಡೆದ್ಯಲ್ಲೇ, ಭೇಷ್! ನಿಮ್ಮಪ್ಪ ಅವತ್ತು ಗಟ್ಟಿಯಾಗಿ ಮುಚ್ಚಿಕೊಂಡಿದ್ದ."

"ಮುಚ್ಚಿಕೊಂಡೇ ಹತ್ತು ಕವಲು ಕೆಡವಿದೆ," ರಾಯ್ಸ್ ಗುರ್ರೆಂದ.

ಬಿಡಾರದ ಜಗಲಿಯಲ್ಲಿ ಡೂಲಿ ಕತ್ತರಿ ಹಿಡಿದು ನಿಂತಿದ್ದ. "ಬಾರಮ್ಮ. ನನ್ನ ಎಂಟನೇದಕ್ಕೆ ಇಟ್ಟಿದ್ದ ಜಾಗ ನಿಂಗೇ ಕೊಡ್ತೀನಿ." ಕೋರಾ ಆಗಲೇ ಬೆನ್ನು ತಿರುಗಿಸಿ ಅಂಗಿಯನ್ನು ಹೊರಗೆಳೆದಿದ್ದಳು.

"ಮುಟ್ಟಿದ್ರೆ ನೋಡು," ರಾಯ್ಸ್ ಅಡ್ಡ ನಿಂತ. "ಗುಂಡು ತಗುಲಿದೆ. ಆ ಚಿಂದಿ ಸಾಲಲ್ಲಿ ನನ್ನ ಮಗಳ ಹೆಸರು ತೂಗೋದಿಲ್ಲ."

"ರಕ್ತ ಎಲ್ಲಪ್ಪಾ?" ಡೂಲಿ ಕೇಳಿದ. " ಒಂದು ಕೂದಲೂ ಬಿದ್ದಿಲ್ಲ ಅಂತಿದಾಳೆ ನಿನ್ನ ಮಗಳು."

"ತಪ್ಪಿದ್ರೆ ಗುಂಡು ಆ ಬೇಲಿ ಕಂಬಕ್ಕೆ ಹೊಕ್ಕಿರ್ಬೇಕಲ್ಲ? ತೋರ್ಸು, ಆಮೇಲೆ ಕತ್ತರಿಸು."

"ಬೇಡ ಕಣೋ," ಮೆಟ್ಟಿಲ ಮೇಲೆ ಕೂತಿದ್ದ ಹೋಬರ್ಟ್ ತಟ್ಟನೆ ಎದ್ದ. "ಆ ಕಂಬ ಒಡೆದು ನಿಂಗೇನು ಸಿಗುತ್ತೆ?"

ರಾಯ್ಸ್ ಆಗಲೇ ಕೊಡಲಿ ಎತ್ತಿಕೊಂಡು ಹೊರಟಿದ್ದ. ಅಪ್ಪನ ಮಾತನ್ನು ಅವನು ಕಿವಿಗೆ ಹಾಕಿಕೊಳ್ಳುವುದು ಬಿಟ್ಟು ಯಾವ ಕಾಲವಾಯಿತೋ. ಉಳಿದವರು ಹಿಂದೆ ನಡೆದರು. ಕಂಬದಲ್ಲಿ ಹೊಸ ತೂತಿತ್ತು. ಮೂರನೇ ಏಟಿಗೆ ಕಂಬ ಉದ್ದುದ್ದ ಸೀಳಿತು. ಒಳಗೆ ಸಣ್ಣ ಗುಂಡೊಂದು ಥಳಥಳ ಹೊಳೆಯಿತು.

ಡೂಲಿ ಗಹಗಹಿಸಿ ನಕ್ಕ. ರಾಯ್ಸ್ ಪಕ್ಕಕ್ಕೆ ಉಗುಳಿದ. "ಕತ್ತರಿಸು. ಅವಳ ಯೋಗ್ಯತೆ ಅಷ್ಟೇ. ಯಾರನ್ನ ಹೋಲ್ತಾಳೋ!"

ಕೋರಾ ಸೀಳಿನೊಳಗೆ ಬೆರಳಾಡಿಸುತ್ತಿದ್ದಳು. "ಅಪ್ಪಾ, ಇಲ್ಲಿ ಇನ್ನೊಂದಿದೆ."

ಗೇಣು ಕೆಳಗೆ, ಕಪ್ಪಿಟ್ಟ ಗುಂಡು. ಅವಳು ಎರಡನ್ನೂ ಅಂಗೈಯಲ್ಲಿ ಪಕ್ಕಪಕ್ಕ ಇಟ್ಟಳು. ಒಂದೇ ಗಾತ್ರ. ಡೂಲಿಯ ನಗು ನಿಂತಿತು. ರಾಯ್ಸ್‌ನ ಹೆಬ್ಬೆರಳು ತಾನಾಗಿ ಮಡಚಿಕೊಂಡಿತು. ಅವನು ಗುಂಡುಗಳನ್ನು ನೋಡಿದ. ಆಮೇಲೆ ಅಪ್ಪನ ಹೆಗಲಲ್ಲಿದ್ದ ದಪ್ಪ ನಳಿಗೆಯನ್ನು ನೋಡಿದ.

ಹೋಬರ್ಟ್ ಡೂಲಿಯ ಕೈಯಿಂದ ಕತ್ತರಿ ತೆಗೆದುಕೊಂಡ. "ಅವತ್ತು ಇಬ್ರೂ ಒಟ್ಟಿಗೇ ಹೊಡೆದ್ವಿ, ಮಗಾ. ಅಂಗಿ ಈಚೆ ತೆಗಿ."