ಏಳನೇ ನಂಬರಿನ ತಿದ್ದುಪಡಿ

‘ಹಿಡಿಯಬಾರದ್ದನ್ನು ಮೊದಲು ನೋಡು.’

ಪರದೆಯ ಮೇಲೆ ಆ ಸಾಲು ಕಂಡದ್ದೇ ಅವಳ ಬೆರಳುಗಳು ಕೀಲಿಮಣೆಯ ಮೇಲೆ ನಿಂತುಬಿಟ್ಟವು. ಅದು ಅವಳ ಮಾತು. ಅಕ್ಷರ ಅಕ್ಷರವೂ ಅವಳದೇ. ಆಫೀಸಿಗೆ ಬಂದ ದಿನ, ಮನೆಯಲ್ಲೇ ಊಟದ ಮೇಜಿಗೆ ಕೂತ ದಿನ ಅನ್ನದೆ, ಬೆಳಗಿನ ಫೋನ್ ಮೀಟಿಂಗಿನಲ್ಲಿ ತನ್ನ ಕೈಕೆಳಗಿನ ನಾಲ್ವರಿಗೆ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡ ಮಾತು. ಈಗ ಅದು ಪರೀಕ್ಷೆಗೆ ಕೂತ ಯಾರದೋ ಕೋಡಿನ ತಲೆಯ ಮೇಲೆ ಕೂತು ಹಲ್ಲು ಕಿಸಿಯುತ್ತಿದೆ.

ಪರೀಕ್ಷೆ ಇಟ್ಟವಳೂ ಅವಳೇ. ಖಾಲಿ ಇದ್ದದ್ದು ಒಂದು ಕೆಲಸ, ಬಂದವರು ಒಂಬತ್ತು ಮಂದಿ. ಎಲ್ಲರೂ ಅವರವರ ಮನೆಯಲ್ಲೇ ಕೂತು ಒಂದು ಪುಟ್ಟ ಪ್ರೋಗ್ರಾಮನ್ನು ಎರಡು ಗಂಟೆಯೊಳಗೆ ತಿದ್ದಿ ಕಳಿಸಬೇಕು. ರೆಗ್ಯುಲರ್ ಎಕ್ಸ್‌ಪ್ರೆಶನ್ ಪರೀಕ್ಷಿಸುವ ಪ್ರೋಗ್ರಾಮು ಅದು. ಅಕ್ಷರಗಳ ಒಂದು ಪ್ಯಾಟರ್ನು, ಒಂದು ಸಾಲು ಕೊಟ್ಟರೆ, ಸಾಲು ಪ್ಯಾಟರ್ನಿಗೆ ಹೊಂದುತ್ತದೋ ಇಲ್ಲವೋ ಹೇಳುತ್ತದೆ. ಹೊಂದಿದ್ದನ್ನು ಹಿಡಿಯಬೇಕು, ಹೊಂದದ್ದನ್ನು ಬಿಡಬೇಕು. ಅದರೊಳಗೆ ಬೇಕೆಂದೇ ಒಂದು ತಪ್ಪು ಇಟ್ಟಿದ್ದಳು. ಬರೆದವರ ಹೆಸರು ಕಾಣಿಸುವುದಿಲ್ಲ, ನಂಬರು ಮಾತ್ರ. ಹೋದ ಸಲ ಯಾರದೋ ಬಾಮೈದ ನುಸುಳಿ ರಾದ್ಧಾಂತವಾದ ಮೇಲೆ ಹಟ ಹಿಡಿದು ಅವಳೇ ತಂದ ಪದ್ಧತಿ. ಅರ್ಜಿಗಳೆಲ್ಲ ಮ್ಯಾನೇಜರ್ ಹತ್ತಿರ ಭದ್ರ. ಅವಳು ಆರಿಸಿದ ಮೇಲೇ ತೆರೆಯುವುದು.

ಏಳನೇ ನಂಬರಿನ ತಿದ್ದುಪಡಿಗಳನ್ನು ಒಂದೊಂದಾಗಿ ನೋಡಿದಳು. ತಪ್ಪು ಸಿಕ್ಕಿತ್ತು, ಸರಿಯೂ ಆಗಿತ್ತು. ಅದಿರಲಿ. ಕೊನೆಗೆ ಖಾಲಿ ಸಾಲೊಂದನ್ನು ಕೊಟ್ಟು ನೋಡುವುದು ಅವಳ ಚಾಳಿ. ಅದಕ್ಕೂ ಉತ್ತರ ತಯಾರಿತ್ತು. ಕೋಡಿನಲ್ಲಿ ಪೂರ್ತಿ ಪದದ ಬದಲು ಒಂದೆರಡು ಅಕ್ಷರದ ಮೊಟಕು ಹೆಸರು ಕಂಡರೆ ಅವಳಿಗೆ ಮೈ ಉರಿಯುತ್ತದೆ. ಇಡೀ ಕೋಡಿನಲ್ಲಿ ಒಂದೂ ಮೊಟಕು ಹೆಸರಿಲ್ಲ. ಕೋಡಿಗಿಂತ ಹೆಚ್ಚಾಗಿ ಅವಳನ್ನೇ ಕೂತು ಓದಿಕೊಂಡ ಹಾಗಿತ್ತು.

ನಾಲ್ವರಲ್ಲಿ ಒಬ್ಬರು ಬಾಯಿಬಿಟ್ಟಿದ್ದಾರೆ. ಕಣ್ಣು ನೆಟ್ಟಗೆ ಎದುರು ಮೇಜಿನ ಹರಟೆಮಲ್ಲನ ಮೇಲೆ ಹೋಯಿತು. ಅವನ ನಾದಿನಿ ಅರ್ಜಿ ಹಾಕಿರುವುದು ಆಫೀಸಿಗೆಲ್ಲ ಗೊತ್ತು.

“ನಿನ್ನ ನಾದಿನಿಗೆ ಪಾಠ ಚೆನ್ನಾಗೇ ಆಗಿದೆ.”

“ಯಾವ ಪಾಠ ಮೇಡಂ?”

“ನಾನು ಫೋನಲ್ಲಿ ಹೇಳೋದನ್ನೆಲ್ಲ ಮನೇಲಿ ಒಪ್ಪಿಸ್ತೀಯಾ?”

“ಅಯ್ಯೋ, ನೀವು ಹೇಳೋದೆಲ್ಲಿ ಬಂತು, ಬೈಯೋದು ತಾನೇ! ಅದನ್ನ ಮನೇಲಿ ಒಪ್ಪಿಸಿದ್ರೆ ನನಗೆ ಅಲ್ಲಿ ಮರ್ಯಾದೆ ಉಳಿಯುತ್ತಾ?” ನಕ್ಕ. ಅವಳು ನಗಲಿಲ್ಲ. ಅವನ ನಗುವೂ ಅರ್ಧಕ್ಕೇ ನಿಂತಿತು. “ಮೇಡಂ, ತಮಾಷೆಗೂ ಹಾಗನ್ಬೇಡಿ. ನನ್ನ ಕೆಲಸ ಹೋಗುತ್ತೆ.”

“ಹೋಗ್ಲೇಬೇಕು.”

ಹನ್ನೊಂದೂಕಾಲು. ಪರೀಕ್ಷೆ ಮುಗಿಯಲು ಇನ್ನು ಮುಕ್ಕಾಲು ಗಂಟೆ. ಪರೀಕ್ಷೆಯ ಪುಟದಲ್ಲೇ ಏಳನೇ ನಂಬರಿಗೆ ಬರೆದಳು: ‘ಮೊದಲ ಸಾಲಿನ ಮಾತನ್ನು ನಿಮಗೆ ಹೇಳಿಕೊಟ್ಟವರು ಯಾರು?’

ಉತ್ತರ ಬರಲು ಹೊತ್ತು ಹಿಡಿಯಿತು. ‘ಹೇಳಿಕೊಟ್ಟೆ ಅಂತ ಅವರಿಗೇ ಗೊತ್ತಿಲ್ಲ. ಅವರನ್ನು ಬಿಡಿ, ಕೆಲಸ ನೋಡಿ.’

ಧಿಮಾಕು ನೋಡು!

ಸರಿ, ಕೆಲಸವನ್ನೇ ನೋಡೋಣ. ಯಾರಿಗೂ, ಆ ನಾಲ್ವರಿಗೂ ಹೇಳಿರದ ಒಂದು ಸಾಲನ್ನು ಕಳಿಸಿದಳು. ಒಂದೇ ಅಕ್ಷರ ನಲವತ್ತು ಸಲ, ಕೊನೆಗೆ ಹೊಂದದ ಒಂದು ಚಿಹ್ನೆ. ಇಂಥ ಸಾಲು ಸಿಕ್ಕರೆ ಪರೀಕ್ಷೆಗೆ ಕೊಟ್ಟ ಪ್ಯಾಟರ್ನು ಗಾಣದೆತ್ತಿನ ಹಾಗೆ ಸುತ್ತಿದ್ದೇ ಸುತ್ತಿ ಯಂತ್ರವನ್ನೇ ಕೂರಿಸಿಬಿಡುತ್ತದೆ. ಬಾಯಿಪಾಠದವರು ಇಲ್ಲಿ ಸಿಕ್ಕಿಬೀಳಲೇಬೇಕು.

ಕಾಯುವುದೇ ಕಷ್ಟವಾಯಿತು. ಮನೆಗೆ ಫೋನು ಮಾಡಿದಳು. ಆರು ಸಲ ರಿಂಗಾದ ಮೇಲೆ ಅತ್ತೆ ಎತ್ತಿದರು.

“ಅತ್ತೆ, ಇವತ್ತು ಬರೋದು ತಡ ಆಗುತ್ತೆ.”

“ಆಗ್ಲಿ ಕಣಮ್ಮ. ಈಗ ಇಡು, ಒಲೆ ಮೇಲಿಟ್ಟಿದ್ದು ಸೀದು ಹೋಗುತ್ತೆ.”

ಮನೆಯಲ್ಲಾದರೂ ಒಬ್ಬರು ನೆಮ್ಮದಿಯಾಗಿದ್ದಾರಲ್ಲ ಅಂದುಕೊಂಡಳು.

ಒಂಬತ್ತು ನಿಮಿಷಕ್ಕೆ ತಿದ್ದುಪಡಿ ಬಂತು. ಒಂದೇ ಒಂದು ಸಾಲು ಬದಲು. ಓಡಿಸಿ ನೋಡಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ. ಇನ್ನೆರಡು ಬಗೆಯಲ್ಲಿ ಕೆಣಕಿದಳು, ಜಗ್ಗಲಿಲ್ಲ. ಅವಳಾಗಿದ್ದರೆ ಅಷ್ಟು ಚೊಕ್ಕವಾಗಿ ಮಾಡುತ್ತಿದ್ದಳೋ ಇಲ್ಲವೋ.

ಹನ್ನೆರಡಕ್ಕೆ ಮ್ಯಾನೇಜರ್ ಕೋಣೆಯ ಬಾಗಿಲು ತಳ್ಳಿದಳು.

“ಏಳನೇ ನಂಬರು ಸರ್. ಉಳಿದ ಎಂಟೂ ಅದರ ಹತ್ತಿರ ಸುಳಿಯಲ್ಲ.”

“ಮುಗೀತಲ್ಲ. ಮತ್ಯಾಕೆ ಮುಖ ಹೀಗೆ?”

“ಒಳಗಿನವರು ಯಾರೋ ತಯಾರು ಮಾಡಿದ್ದಾರೆ. ನನ್ನ ಮಾತು, ನನ್ನ ಚಾಳಿ, ಎಲ್ಲ ಆಚೆ ಹೋಗಿದೆ. ಏಳನೆಯವರಿಗೆ ಕೆಲಸ ಸಿಗಲಿ, ಅವರಿಗೆ ಯೋಗ್ಯತೆ ಇದೆ. ಆದ್ರೆ ತಯಾರು ಮಾಡಿದವರು ಇವತ್ತೇ ನನ್ನ ಟೀಮಿನಿಂದ ಹೊರಗೆ ಹೋಗ್ಬೇಕು.”

“ಯಾರೇ ಆಗಿರಲಿ?”

“ಯಾರೇ ಆಗಿರಲಿ. ಬೇಕಾದ್ರೆ ಬರೆದು ಕೊಡ್ತೀನಿ.”

ಬರೆದೂ ಕೊಟ್ಟಳು. ಸಹಿ ಹಾಕಿದಳು. ಗಾಜಿನ ಆಚೆ ಹರಟೆಮಲ್ಲ ನೀರಿನ ಲೋಟ ಹಿಡಿದು ಇತ್ತಲೇ ನೋಡುತ್ತ ನಿಂತಿದ್ದ.

ಮ್ಯಾನೇಜರ್ ಅರ್ಜಿ ತೆರೆದರು. ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಕೊನೆಗೆ ಪರದೆಯನ್ನು ಅವಳ ಕಡೆ ತಿರುಗಿಸಿದರು.

ವಯಸ್ಸು: ಐವತ್ತೆಂಟು. ಓದು: ಹತ್ತನೇ ತರಗತಿ. ಈ ಕೆಲಸ ಕಲಿತದ್ದು: ಎರಡು ವರ್ಷದಿಂದ, ಊಟದ ಮೇಜಿನ ಇನ್ನೊಂದು ತುದಿಯಲ್ಲಿ ಕೂತು. ತುರ್ತಿಗೆ ಕರೆಯಬೇಕಾದವರು: ಸೊಸೆ.

ಅದರ ಮುಂದೆ ಇದ್ದದ್ದು ಅವಳದೇ ಫೋನ್ ನಂಬರು.