ಸವೆಯಬೇಕಾದ ಮೆಟ್ಟು

“ಅರ ಅದ್ಯಾ ಸೋಮಾ? ಚರ್ಮ ಉಜ್ಜುವಂಥಾ ಒರಟಾದ್ದು?” ಎಂದು ಕೇಳುತ್ತ ಹಾರವಾಡದ ಪೂಜಾರಿ ಪೊಕ್ಕ ಗುನಗ ಅಕ್ಕಿಯ ಚೀಲವೊಂದನ್ನು ಮುಂದಿಟ್ಟ. ಕಾರವಾರದ ಬಸ್ ನಿಲ್ದಾಣದ ಹೊರಗಿರುವ ಆ ಚಪ್ಪಲಿ ಹೊಲಿಯುವ ಗೂಡಂಗಡಿಯಲ್ಲಿ ಮಧ್ಯಾಹ್ನದ ಆ ಹೊತ್ತಿಗೆ ಬೇರೆ ಗಿರಾಕಿ ಇರಲಿಲ್ಲ. ಆದರೂ ಗುನಗ ಒಮ್ಮೆ ಹಿಂದೆ ತಿರುಗಿ ನೋಡಿದ. ಆಮೇಲೆ ಊರುಗೋಲನ್ನು ಗೋಡೆಗೆ ಒರಗಿಸಿ, ಸ್ಟೂಲಿನ ಅಂಚಿನಲ್ಲಿ ಮೆಲ್ಲಗೆ ಕೂತ. “ಬೇತಾಳನ ಮೆಟ್ಟು ತಂದಿದ್ದೆ. ಅಟ್ಟೆ ಸ್ವಲ್ಪ ಸವೆಸಿ ಕೊಡು.”

ಸೋಮ ಚೀಲದ ಕಡೆ ನೋಡಿದನೇ ಹೊರತು ಮುಟ್ಟಲಿಲ್ಲ. ಮೊಳದುದ್ದದ ಆ ಜೋಡನ್ನು ಹೋದ ವರ್ಷ ಹೊಲಿದವನು ಅವನೇ. ಗುನಗ ಪೂಜೆ ಮಾಡುವ ಬೇತಾಳ ರಾತ್ರಿಯಿಡೀ ನಡೆಯುವ ದೇವರು. ಕಾಳಿ ನದಿಯಿಂದ ಹೊರಟು, ಗುಡ್ಡ ಹತ್ತಿ, ಕಡಲ ಬದಿಗೆ ಇಳಿದು, ಗಂಗಾವಳಿಯ ನೀರು ಮುಟ್ಟಿ, ಬೆಳಗಾಗುವುದರೊಳಗೆ ಗುಡಿಗೆ ಮರಳುತ್ತಾನೆ. ವರ್ಷಕ್ಕೊಮ್ಮೆ ಊರ ಹತ್ತು ಮಂದಿ ಸೇರಿ ಅವನ ಮೆಟ್ಟನ್ನು ಮಗುಚಿ ನೋಡುತ್ತಾರೆ. ಅಟ್ಟೆ ಸವೆದಿದ್ದರೆ ದೇವರು ನಡೆದಿದ್ದಾನೆ, ಹೊಸ ಜೋಡು ಕೊಡಬೇಕು. ಸವೆಯದಿದ್ದರೆ ದೇವರು ಎದ್ದಿಲ್ಲ. ಆಗ ಹೊಸ ಜೋಡೂ ಇಲ್ಲ, ಪೂಜೆಯ ಹಕ್ಕೂ ಗುನಗನ ಮನೆತನದಲ್ಲಿ ಉಳಿಯುವುದಿಲ್ಲ. ಮಗುಚಿ ನೋಡುವ ದಿನ ನಾಳೆ.

“ನಾನ್ಯಾಕೆ ಸವೆಸ್ಬೇಕು ಗುನಗಣ್ಣ? ನಡೆಯುವವ ಅವನಲ್ದಾ?”

“ಅಜ್ಜನ ಕಾಲದಿಂದ ನಾವೇ ಉಜ್ಜುದು ಮಾರಾಯ. ಗುಡಿ ಹಿಂದಿನ ಚಿರೇಕಲ್ಲಿಗೆ. ಕೊನೇ ತಿಂಗಳಲ್ಲಿ ಉಜ್ಜಿ ಉಜ್ಜಿ ತೂತು ಮಾಡುದು. ಈ ಸಲ ಸೊಂಟ ಮುರ್ಕಂಡು ಮೂರು ತಿಂಗಳು ಆಸ್ಪತ್ರೆಲಿ ಬಿದ್ದಿದ್ದೆ. ಬಂದು ನಾಲ್ಕು ದಿನ ಆಯ್ತು. ಕಲ್ಲಿನ ಹತ್ರ ಬಗ್ಗುಕೆ ಆಗುದಿಲ್ಲ.”

ಸೋಮ ಕೈಯಲ್ಲಿದ್ದ ಸೂಜಿ ಕೆಳಗಿಟ್ಟ. “ನಮ್ಮಪ್ಪ ಮೂರು ದಿನ ಉಪವಾಸ ಇದ್ದು ಇದನ್ನ ಹೊಲೀತಿದ್ದ,” ಅಂದ. “ನಾನೂ ಒಂದು ದಿನ ಇರ್ತೆ. ನೀವು ನೋಡಿದ್ರೆ ಕಲ್ಲಿಗೆ ತಿಕ್ತಾ ಕೂತಿದ್ರಿ.”

“ನಿಮ್ಮಪ್ಪನ ಉಪವಾಸ ಸುಳ್ಳಲ್ಲ ತಮ್ಮಾ. ಬೈಯುದಾದ್ರೆ ನಾಡಿದ್ದು ಬೈ. ಈಗ ಉಜ್ಜಿಕೊಡು. ಹಾರವಾಡದ ಬಸ್ಸು ಹಿಡೀಬೇಕು.”

ಸೋಮ ಚೀಲ ಬಿಚ್ಚಿದ. ಮೆಟ್ಟಿನ ಮೇಲೆ ಧೂಳು ಕೂತಿತ್ತು. ಅರವನ್ನು ಎತ್ತಿಕೊಂಡು, ಒಂದನ್ನು ತೊಡೆಯ ಮೇಲೆ ಮಗುಚಿದ. ಅರ ಕೈಯಲ್ಲೇ ಉಳಿಯಿತು. ಇನ್ನೊಂದನ್ನೂ ಮಗುಚಿ ನೋಡಿ, ಎರಡನ್ನೂ ಗುನಗನತ್ತ ಹಿಡಿದ. ಕಾಲ್ಬೆರಳು ಬರುವ ಕಡೆ ಅಟ್ಟೆ ಇರಲೇ ಇಲ್ಲ. ತೂತಿನಲ್ಲಿ ಆಚೆಯ ರಸ್ತೆ ಕಾಣುತ್ತಿತ್ತು.

“ಉಜ್ಜಿ ಆದ್ದೇ ಅದ್ಯಲ್ಲ,” ಅಂದ ಸೋಮ.

“ಯಾರು ಉಜ್ಜಿದ್ದು?”

“ನನ್ನ ಕೇಳಿದ್ರೆ? ನೀವು ನೋಡ್ಲಿಲ್ವಾ?”

“ದೀಪ ಹಚ್ಚಲಿಲ್ಲ. ಯಾರಾದ್ರೂ ಕಂಡಾರು ಅಂತ ಕತ್ತಲಲ್ಲೇ ತಡಕಿ ಚೀಲಕ್ಕೆ ತುಂಬ್ಕಂಡೆ.” ಗುನಗನ ಕೈ ಸೊಂಟಕ್ಕೆ ಹೋಯಿತು. ಗರ್ಭಗುಡಿಯ ಕೀಲಿ ಉಡಿದಾರದಲ್ಲೇ ಇತ್ತು. “ಇದು ಒಂದೇ ಕೀಲಿ ಸೋಮಾ. ಆಸ್ಪತ್ರೆಲೂ ನನ್ನ ಮೈಮೇಲೇ ಇತ್ತು. ಅಣ್ಣನ ಮಗ ಹೊರಗೆ ದೀಪ ಇಡ್ತಿದ್ದ, ಅಷ್ಟೇ.”

ಸೋಮ ಅಟ್ಟೆಯ ಮೇಲೆ ಹೆಬ್ಬೆರಳು ಆಡಿಸಿದ. ಇಪ್ಪತ್ತು ವರ್ಷ ಬೇರೆಯವರ ಚಪ್ಪಲಿ ನೋಡಿದ ಬೆರಳು ಅದು; ಯಾರು ಕುಂಟುತ್ತಾರೆ, ಯಾರು ಕಾಲು ಎಳೆಯುತ್ತಾರೆ ಎಂಬುದು ಅದಕ್ಕೆ ಮೊದಲು ತಿಳಿಯುತ್ತಿತ್ತು. “ಇದು ಕಲ್ಲಿಗೆ ಉಜ್ಜಿದ್ದಲ್ಲ,” ಅಂದ. “ನಡೆದದ್ದೂ ಅಲ್ಲ. ನಡೆದ್ರೆ ಹಿಮ್ಮಡಿ ಮೊದ್ಲು ಹೋಗ್ತದೆ. ಇಲ್ಲಿ ನೋಡಿ, ಹಿಮ್ಮಡಿ ನಾನು ಹೊಲ್ದಂಗೇ ಅದೆ. ಬೆರಳ ಮೇಲೇ ಎಲ್ಲಾ ಭಾರ ಬಿದ್ದದೆ.”

“ಅಂದ್ರೆ?”

“ಒಂದೇ ಕಡೆ ನಿಂತದ್ದು. ಮುಂದಕ್ಕೆ ಬಗ್ಗಿ, ಒಳಗೆ ಇಣುಕುವವರು ನಿಲ್ತ್ರಲ್ಲ, ಹಾಂಗೆ. ಬಾಳ ದಿನ ನಿಂತದ್ದು.”

ಹೊರಗೆ ಕಂಡಕ್ಟರ್ ಹಾರವಾಡ, ಅಂಕೋಲಾ ಎಂದು ಕೂಗಿದ. ಗುನಗ ಏಳಲಿಲ್ಲ. “ನಾನು ಮಲಗುವ ಕೋಣೆದು ಕಿಟಕಿ ಸಣ್ಣದು, ಬಗ್ಗಿದ್ರೇ ಒಳಗೆ ಕಾಣುದು,” ಅಂದ, ಯಾರಿಗೋ ಲೆಕ್ಕ ಒಪ್ಪಿಸುವವನ ಹಾಗೆ. “ಆಸ್ಪತ್ರೆಯಿಂದ ಬಂದು ನೋಡಿದ್ರೆ ಅದರ ಮೇಲಿನ ಮಾಡಿನ ಹಂಚು ನಾಲ್ಕು ಮೇಲಕ್ಕೆದ್ದದೆ. ಕೆಳಗಿಂದ ತಲೆ ತಾಗಿದಂಗೆ. ಮಂಗ ಅಂತ ಮಾಡಿದ್ದೆ.”

ಸೋಮ ಮೆಟ್ಟನ್ನು ತೊಡೆಯಿಂದ ಕೆಳಗಿಟ್ಟು ಕೈಯನ್ನು ಅಂಗಿಗೆ ಒರೆಸಿಕೊಂಡ.

“ಒಂದು ಕೆಲಸ ಮಾಡು ಸೋಮಾ. ಇದಕ್ಕೆ ಹೊಸ ಅಟ್ಟೆ ಹಾಕು. ಸಂಜೆ ಒಳಗೆ.”

“ಹಾಕಿದ್ರೆ ನಾಳೆ ಸವೆದದ್ದು ಕಾಣುದಿಲ್ಲ. ದೇವರು ಎದ್ದೇ ಇಲ್ಲ ಅಂತ್ರು. ನಿಮ್ಮನೆ ಪೂಜೆ ಹೋಗ್ತದೆ.”

“ಹೋಗ್ಲಿ. ಸವೆದದ್ದು ಕಂಡ್ರೆ ಹೊಸ ಜೋಡು ಕೊಡ್ತ್ರು. ಅದನ್ನ ಅವನ ಕಾಲ ಬುಡದಲ್ಲಿ ಇಟ್ಟು, ಬಾಗಿಲು ಹಾಕಿ, ನಾನು ಹೋಗಿ ಆ ಕೋಣೇಲಿ ಮಲಗ್ಬೇಕು.” ಗುನಗ ಸೋಮನ ಮೊಣಕೈ ಹಿಡಿದುಕೊಂಡ. “ಕೈ ಮುಗೀತೆ. ಅಟ್ಟೆ ಹೊಸದು ಮಾಡಿಕೊಡು.”

ಸೋಮನಿಗೂ ಅದನ್ನು ಬೇಗ ಅಂಗಡಿಯಿಂದ ಸಾಗಹಾಕಬೇಕಿತ್ತು. ದಪ್ಪ ಚರ್ಮದ ತುಂಡೊಂದನ್ನು ಎಳೆದು, ಮೆಟ್ಟನ್ನು ಅದರ ಮೇಲಿಟ್ಟು ಸುತ್ತ ಗೆರೆ ಎಳೆದ. ಅವಸರದಲ್ಲಿ ಗೆರೆ ಸೊಟ್ಟಗಾಯಿತು. ಅಳಿಸಿ ಮತ್ತೆ ಎಳೆದ. “ಕೂತ್ಕಳಿ, ಮಾಡಿಕೊಡ್ತೆ,” ಅಂದ. ಆಮೇಲೆ, ದಿನಕ್ಕೆ ಹತ್ತು ಗಿರಾಕಿಗಳಿಗೆ ಹೇಳುವ ಮಾತು ಅಭ್ಯಾಸಬಲದಿಂದ ತಾನಾಗಿ ಬಾಯಿಗೆ ಬಂತು.

“ಹೊಸ ಅಟ್ಟೆ ಬಿದ್ರೆ, ಇನ್ನೊಂದು ವರ್ಷ ಎಲ್ಲಿಗೆ ಬೇಕಾದ್ರೂ ನಡೀಬಹುದು.”