ಮೂವತ್ತೆಂಟು ಡಿಗ್ರಿ ತಣ್ಣೀರು

ಪೆಟ್ಟಿಗೆ ಮತ್ತೆ ಸುಳ್ಳು ಹೇಳಿತು. ನೀರು ಮೂವತ್ತೆಂಟು ಡಿಗ್ರಿ ಇದೆಯಂತೆ! ಲಿಫ್ಟಿನವನು ತೊಟ್ಟಿಗೆ ಕೈ ಅದ್ದಿದ. ಹಿಮಕರಡಿಯನ್ನು ಇಳಿಸಿದ್ದರೆ ಅದೂ ಶಾಲು ಕೇಳುತ್ತಿತ್ತು.

ಅವನೇನು ಸಾಮಾನ್ಯ ಮೆಕ್ಯಾನಿಕ್ ಅಲ್ಲ. ಸ್ವರ್ಗಕ್ಕೊಂದು ಲಿಫ್ಟ್ ಇದ್ದಿದ್ದರೆ ಅದರ ಸರ್ವಿಸ್ ಗುತ್ತಿಗೆಯೂ ಅವನದೇ ಆಗಿರುತ್ತಿತ್ತು. ಅಂಥವನು ನಾಲ್ಕು ದಿನದಿಂದ ಅಕ್ಕನ ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂತಿದ್ದ. ಕಣ್ಣು ಟೊಮೆಟೊ ಹಣ್ಣಾಗಿತ್ತು, ಸೊಂಟ ಒಣಸೌದೆಯಾಗಿತ್ತು.

ಅಕ್ಕನಿಗೆ ಮಂಡಿನೋವು. ದಿನಾ ಅರ್ಧ ಗಂಟೆ ಬಿಸಿನೀರಲ್ಲಿ ಕೂರಬೇಕು, ಇಲ್ಲದಿದ್ದರೆ ಆಪರೇಷನ್ ಎಂದಿದ್ದರು ಡಾಕ್ಟರು. ಮುಚ್ಚಿಹೋದ ಹೋಟೆಲಿನಿಂದ ಹಳೇ ಹಾಟ್ ಟಬ್ ಮನೆಗೆ ಬಂತು. ಎರಡು ವರ್ಷ ದುಡಿದು ಒಂದು ದಿನ ತಣ್ಣಗಾಯಿತು. ಅದನ್ನು ಮಾಡಿದ ಕಂಪನಿ ಅದಕ್ಕಿಂತ ಮೊದಲೇ ತಣ್ಣಗಾಗಿತ್ತು.

“ಬಚ್ಚಲಲ್ಲಿರೋ ಗುಂಡಿಗಳ ಪ್ಯಾನೆಲ್ ಸತ್ತಿದೆ ಕಣೋ. ಹಿತ್ತಲ ಶೆಡ್ಡಲ್ಲಿರೋ ಹೀಟರ್ ಪೆಟ್ಟಿಗೆ ಗಟ್ಟಿಮುಟ್ಟಾಗಿದೆ,” ಎಂದಿದ್ದಳು ಅಕ್ಕ. “ಶುಕ್ರವಾರದೊಳಗೆ ಆಗ್ಲಿಲ್ಲ ಅಂದ್ರೆ ಆಪರೇಷನ್‌ಗೆ ಹೂಂ ಅಂದ್ಬಿಡ್ತೀನಿ.”

“ಭಾವ?”

“ಮನೆಯೊಳಗೆ ಇರಲ್ಲ, ಬಾ.”

ಟಿವಿ ರಿಪೇರಿಯ ಭಾವನಿಗೂ ಅವನಿಗೂ ಮೂರು ವರ್ಷದಿಂದ ಮಾತಿಲ್ಲ. ಅಕ್ಕನ ಹೊಲಿಗೆ ಯಂತ್ರದ ಮೋಟಾರಿಗೆ ಇಬ್ಬರೂ ಒಟ್ಟಿಗೆ ಕೈ ಹಾಕಿದ್ದರು. ಮೋಟಾರು ಹೊಗೆಯಾಗಿ ಹಾರಿಹೋಯಿತು. ಸುಟ್ಟವರು ಯಾರು ಎಂಬ ಜಗಳ ಮಾತ್ರ ಇನ್ನೂ ಉರಿಯುತ್ತಿತ್ತು.

ಲಿಫ್ಟಿನವನು ಪ್ಯಾನೆಲ್ ಕಿತ್ತು, ಗೋಡೆಯಿಂದ ಇಣುಕಿದ ಕೇಬಲ್ಲಿಗೆ ತನ್ನ ಲ್ಯಾಪ್‌ಟಾಪ್ ಕಟ್ಟಿದ. ನಾಲ್ಕು ವೈರು. ಎರಡರಲ್ಲಿ ಕರೆಂಟು, ಒಂದರಲ್ಲಿ ತಾಳ, ಇನ್ನೊಂದರಲ್ಲಿ ಮಾತು. ಮಾತೆಂದರೆ ಬರೀ ಸೊನ್ನೆ, ಒಂದು, ಸೊನ್ನೆ. ಪೆಟ್ಟಿಗೆಯ ಭಾಷೆ ಕಲಿತುಬಿಟ್ಟರೆ ಹೊಸ ಪ್ಯಾನೆಲ್ ಕಟ್ಟುವುದು ಎಡಗೈ ಕೆಲಸ.

ಎರಡೇ ದಿನದಲ್ಲಿ ಭಾಷೆ ಕಲಿತ. ಆಮೇಲೆ ಶುರುವಾಯಿತು ತಲೆನೋವು. ಪೆಟ್ಟಿಗೆಗೆ ಭಾಷೆ ಬರುತ್ತಿತ್ತು, ಬುದ್ಧಿ ಇರಲಿಲ್ಲ. ‘ಬಿಸಿ ಮಾಡು’ ಎಂದರೆ ‘ಮೂವತ್ತೆಂಟು’ ಎನ್ನುತ್ತಿತ್ತು. ಪಂಪು ಉಸಿರೂ ಬಿಡುತ್ತಿರಲಿಲ್ಲ. ಅದೇ ಗುಂಡಿಯನ್ನು ನೂರು ಸಲ ಒತ್ತಿದಂತೆ ಸಂಕೇತ ಕಳಿಸಿದ. ಪೆಟ್ಟಿಗೆ ‘ಸೊನ್ನೆ’ ಎಂದಿತು. ಬೇಕೆಂದೇ ತೊಟ್ಟಿಯ ದೀಪ ಹಚ್ಚುವ ಸಂಕೇತ ಕಳಿಸಿದರೆ ‘ತೊಂಬತ್ತೊಂಬತ್ತು’ ಎಂದಿತು.

“ಅಕ್ಕಾ, ನಿನ್ನ ಪೆಟ್ಟಿಗೆಗೆ ಕೊಬ್ಬು! ಶೆಡ್ಡಿಗೆ ಹೋಗಿ ಬಿಚ್ಚಿ ನೋಡ್ಲಾ?”

“ಬೇಡಪ್ಪಾ! ಅಲ್ಲಿ ಕಣಜ ಗೂಡು ಕಟ್ಟಿದೆ. ಕಚ್ಚಿದ್ರೆ ನಿನ್ನ ಮುಖ ನಿನ್ನ ಹೆಂಡ್ತೀಗೇ ಗುರುತು ಸಿಗಲ್ಲ.”

“ಈಗ ಮಾತ್ರ ಗುರುತು ಸಿಗತ್ತಾ? ನಾಲ್ಕು ದಿನ ಆಯ್ತು ನನ್ನನ್ನ ನೋಡಿ.”

ಅಕ್ಕ ನಗಲಿಲ್ಲ. ತಟ್ಟೆಯಲ್ಲಿದ್ದ ಎರಡು ಲೋಟ ಚಹಾದಲ್ಲಿ ಒಂದನ್ನು ಅವನ ಮುಂದಿಟ್ಟು, ಗೋಡೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆಯಾಗಿ ಹೊರಟುಹೋದಳು. ಆ ಸಲ ಪೆಟ್ಟಿಗೆ ಉತ್ತರ ಕೊಡಲು ಹನ್ನೊಂದು ನಿಮಿಷ ತೆಗೆದುಕೊಂಡಿತು.

ಸಂಜೆ ಆರಾದರೆ ಅಕ್ಕ ಗಡಿಯಾರ ತೋರಿಸುತ್ತಿದ್ದಳು. “ಹೊರಡು. ಅವರು ಒಳಗೆ ಬರೋ ಹೊತ್ತಾಯ್ತು.” ಅವನು ಮುಂಬಾಗಿಲಿಂದ ಜಾರಿಕೊಂಡು ಬಸ್‌ಸ್ಟ್ಯಾಂಡಿನ ಲಾಡ್ಜು ಸೇರುತ್ತಿದ್ದ.

ಶುಕ್ರವಾರ ಮಧ್ಯಾಹ್ನ ನಡುಮನೆಯಿಂದ ಅಕ್ಕನ ದನಿ ಕೇಳಿಸಿತು. ಫೋನಿನಲ್ಲಿದ್ದಳು. “ಹೂಂ ಡಾಕ್ಟ್ರೇ... ಇಬ್ಬರ ಕೈಲೂ ಆಗ್ಲಿಲ್ಲ. ಸೋಮವಾರಕ್ಕೇ ಇಟ್ಕೊಳ್ಳಿ.” ದನಿಯಲ್ಲಿ ಅಳುವೂ ಇರಲಿಲ್ಲ. ಸೋತು ಸುಣ್ಣವಾದವರ ದನಿ.

ಇಬ್ಬರೆಂದರೆ ತಾನೂ ಈ ದರಿದ್ರ ಪೆಟ್ಟಿಗೆಯೂ ಎಂದುಕೊಂಡ ಲಿಫ್ಟಿನವನು ಎದ್ದ. ಮಂಡಿ ಅವನದೂ ಲಟಕ್ ಎಂದಿತು. ಕಣಜ ಕಚ್ಚಿದರೆ ಕಚ್ಚಲಿ, ಮುಖ ಕುಂಬಳಕಾಯಿಯಾದರೆ ಆಗಲಿ, ಪೆಟ್ಟಿಗೆಯನ್ನು ಒದ್ದೇ ಮಾತಾಡಿಸುವುದೆಂದು ಹಿತ್ತಲು ದಾಟಿ ಶೆಡ್ಡಿನ ಬಾಗಿಲು ತಳ್ಳಿದ.

ಒಂದು ಕಣಜವೂ ಇರಲಿಲ್ಲ. ಪೆಟ್ಟಿಗೆ ಕರುಳೆಲ್ಲ ಹೊರಗೆ ಹಾಕಿಕೊಂಡು ಮೂಲೆಯಲ್ಲಿ ಬಿದ್ದಿತ್ತು. ಗೋಡೆಯಿಂದ ಬಂದ ಕೇಬಲ್ಲು ಇನ್ನೊಂದು ಲ್ಯಾಪ್‌ಟಾಪಿಗೆ ಸೇರಿತ್ತು. ಅದರ ಮುಂದೆ, ಬಾಗಿಲಿಗೆ ಬೆನ್ನು ಮಾಡಿ, ಒಬ್ಬ ಮನುಷ್ಯ ತಲೆ ಹಿಡಿದುಕೊಂಡು ಕೂತಿದ್ದ.

“ನಾನು ಸೋತೆ ಕಣೇ,” ಎಂದ ಭಾವ, ತಿರುಗಿ ನೋಡದೆ. “ಪೆಟ್ಟಿಗೆ ಒಂದೇ ಕೆಟ್ಟಿರೋದು ಅಂದೆ ನೀನು, ಒಳಗಿರೋ ಪ್ಯಾನೆಲ್‌ಗೂ ಹುಚ್ಚು ಹಿಡಿದಿದೆ, ಒಂದೇ ಗುಂಡಿ ನೂರು ಸಲ ಒತ್ತತ್ತೆ. ಮಾನ ಹೋದ್ರೆ ಹೋಗ್ಲಿ, ನಿನ್ನ ತಮ್ಮನ್ನ ಕರಿ.”